ಉರಿಯತ್ತ ಒಂದು ಮುಖ

ಕೊಣನೂರಿನಾಚೆ, ಕಟ್ಟೇಪುರ ನಾಲೆಯ ಕೊನೆಯ ತೂಬಿನ ಬಳಿ
ಹತ್ತೊಂಬತ್ತು ವರ್ಷ ಹೊಗೆಸೊಪ್ಪಿನ ಬ್ಯಾರನ್ನಿಗೆ
ಸೌದೆ ಉಣಿಸಿದವಳು ನಾನು, ಸಣ್ಣತಾಯಮ್ಮ.
ಬೆಂಕಿಯ ಬಗ್ಗೆ ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಎಲೆ ಹಳದಿಗೆ ತಿರುಗಲು ಎಷ್ಟು ಉರಿ,
ನಡುದಂಟು ಒಣಗಲು ಎಷ್ಟು,
ಗೋಡೆಗೆ ಅಂಗೈ ಇಟ್ಟು ಹೇಳುತ್ತೇನೆ;
ಥರ್ಮಾಮೀಟರು ಆಮೇಲೆ ಒಪ್ಪಿಕೊಳ್ಳುತ್ತದೆ.

ಇಷ್ಟು ತಿಳಿದವಳ ಮನೆಯೇ ಹತ್ತಿತು.
ಒಂದು ಎಲೆ, ಒಂದೇ ಒಂದು, ಕೋಲಿನಿಂದ ಕಳಚಿ
ಕಾದ ಕೊಳವೆಯ ಮೇಲೆ ಬಿದ್ದದ್ದು.
ಬ್ಯಾರನ್ನಿನ ಮಾಡಿಗೂ ನಮ್ಮ ಗರಿಯ ಸೂರಿಗೂ ನಡುವೆ
ಇದ್ದದ್ದು ಬಟ್ಟೆ ಒಣಹಾಕುವಷ್ಟು ಜಾಗ.
ಅತ್ತೆ ಕೆಮ್ಮಿದ್ದು ಕೇಳಿಸಿತು.
ಆಮೇಲೆ ಕೇಳಿಸಲಿಲ್ಲ.
ಕರುವಿನ ಕೊರಳ ಸೆಣಬಿನ ಹಗ್ಗ ಮಾತ್ರ
ಸುಟ್ಟು ತುಂಡಾಗಿ ಅದನ್ನು ಬಿಟ್ಟುಕೊಟ್ಟಿತು;
ಅರಕಲಗೂಡಿನಿಂದ ಗಂಟೆ ಬಾರಿಸುತ್ತ ನೀರಿನ ಗಾಡಿ ಬಂದಾಗ
ಕರು ನಾಲೆಯ ಏರಿಯ ಮೇಲೆ ಹುಲ್ಲು ಮೇಯುತ್ತಿತ್ತು,
ತನಗೂ ಆ ಬೆಳಕಿಗೂ ಸಂಬಂಧವಿಲ್ಲ ಎಂಬಂತೆ.

ಹೊಸ ಮನೆಗೆ ಗಾರೆಯ ರವೂಫ್ ಸಾಬರು
ಯಾವುದೋ ಹಿಮದ ಸೀಮೆಯಿಂದ ಲಾರಿಯಲ್ಲಿ ಚೀಲ ತರಿಸಿದರು.
ಬಿಚ್ಚಿದರೆ ತೌಡಿಗಿಂತ ದಪ್ಪ, ಚಕ್ಕೆಗಿಂತ ಸಣ್ಣ,
ಬೊಗಸೆ ತುಂಬಿದರೂ ತುಂಬಿದ್ದು ಕೈಗೆ ಗೊತ್ತಾಗದು.
ಏನು ಸಾಬರೆ ಇದು?
ಭಂಗಿಗಿಡದ ದಂಟು ತಾಯಿ, ನಾರು ಸುಲಿದ ಮೇಲಿನ ತಿರುಳು.
ನಿಮ್ಮ ಸೆಣಬಿನ ದೂರದ ದಾಯಾದಿ ಅಂದುಕೊಳ್ಳಿ.
ಊರೇ ಬಂದು ಮೂಸಿತು.
ಠಾಣೆಯವರೂ ಬೈಕಿಳಿದು ಒಂದು ಹಿಡಿ ಮೂಸಿ,
ಸಾಲದೆಂದು ಇನ್ನೊಂದು ಹಿಡಿ ಮೂಸಿ, ಸೀನಿ,
ಕಾಗದ ನೋಡಿ, ಟೀ ಕುಡಿದು ಹೋದರು.
ಪುರಿಯಲ್ಲಿ ಮನೆ ಕಟ್ಟುತ್ತಾಳಂತೆ, ಅಂದಿತು ಹಾಲಿನ ಡೈರಿ.

ನಕ್ಕೆ. ಆದರೆ ನಿದ್ದೆ ಬರಲಿಲ್ಲ.
ಸೊಪ್ಪು ಒಣಗಿಸುವ ಕಡೆ ದಂಟಿನ ಗೋಡೆ!
ಬೆಂಕಿಗೆ ಎಲೆ ಹಾಕಿ ಊಟಕ್ಕೆ ಕರೆದಂತಲ್ಲವೆ?

ಸುಣ್ಣ ಕಲಸುತ್ತ ಸಾಬರು ಅಂದರು:
ಈ ಸುಣ್ಣ ಒಮ್ಮೆ ಗೂಡಿನಲ್ಲಿ ಬೆಂದೇ ಬಂದದ್ದು.
ಬೆಂದದ್ದಕ್ಕೆ ಬೆಂಕಿಯ ಗುರುತಿರುತ್ತದೆ, ಅಂಜುವುದಿಲ್ಲ.
ದಂಟಿನ ಚೂರು ಚೂರಿಗೂ ಅಂಗಿ ತೊಡಿಸುತ್ತದೆ, ನೋಡಿ.
ಮಾತು ಚೆನ್ನಾಗಿತ್ತು.
ಒಳ್ಳೆ ಮಾತು ಕೇಳಿಯೇ ನಾನು ಗರಿಯ ಸೂರಿನ ಕೆಳಗೆ
ಹತ್ತೊಂಬತ್ತು ವರ್ಷ ಮಲಗಿದ್ದೆ.

ನಲವತ್ತು ದಿನ ನೆರಳಲ್ಲಿ ಒಣಗಿದ ಇಟ್ಟಿಗೆ,
ಒಂದು ಗೇಣು ದಪ್ಪದ್ದು, ಸೆರಗಿನಲ್ಲಿ ಸುತ್ತಿಕೊಂಡು
ಜವನಪ್ಪನವರ ಬ್ಯಾರನ್ನಿಗೆ ರಾತ್ರಿ ಪಾಳಿಗೆ ಹೋದೆ.
ಒಲೆಯ ಬಾಯಿಗೆ ಅಡ್ಡ ನಿಲ್ಲಿಸಿದೆ:
ಒಂದು ಮುಖ ಉರಿಗೆ, ಒಂದು ಮುಖ ನನಗೆ.
ನೀಲಗಿರಿ ಕೊರಡು ಒಂದು ಸಲ ಮುಗಿಯಿತು.
ಇನ್ನೊಂದು ಸಲ ತುಂಬಿದೆ.
ತೂಬಿನ ಕಪ್ಪೆಗಳು ಕೂಗಿ ಸುಮ್ಮನಾದವು.
ನನ್ನ ಕಡೆಯ ಮುಖಕ್ಕೆ ಅಂಗೈ ಇಟ್ಟೆ.
ನಂಬದೆ, ಕೆನ್ನೆ ಇಟ್ಟೆ.
ಜ್ವರ ಬಿಡುತ್ತಿರುವ ಮಗುವಿನ ಹಣೆಯಷ್ಟು ಬೆಚ್ಚಗಿತ್ತು, ಅಷ್ಟೇ.
ತಿರುಗಿಸಿದರೆ ಆಚೆ ಬೆರಳ ದಪ್ಪ ಕರಿ.
ಕೆರೆದೆ. ಒಳಗೆ ದಂಟು ದಂಟಾಗಿಯೇ ಇತ್ತು,
ಗೋಧಿಯ ಬಣ್ಣದಲ್ಲಿ.

ಸಂತೋಷವಾಗಬೇಕಿತ್ತು. ಸಿಟ್ಟು ಬಂತು.
ಒಂದು ಗೇಣು!
ಅತ್ತೆಯ ಮಂಚಕ್ಕೂ ಆ ರಾತ್ರಿಗೂ ನಡುವೆ
ಬೇಕಿದ್ದದ್ದು ಇಷ್ಟೇ ಆಗಿತ್ತೆ?
ಬೂದಿಗುಡ್ಡೆಯ ಮೇಲೆ ಕೂತು
ಇಟ್ಟಿಗೆಗೆ ಬೈದೆ, ಅದು ಏನು ಮಾಡೀತು.

ಈಗ ಗೋಡೆ ನಿಂತಿದೆ.
ಬ್ಯಾರನ್ನಿನ ಕಡೆ, ಮಂಚದ ಎತ್ತರಕ್ಕೆ
ಆ ಕರಿ ಇಟ್ಟಿಗೆಯೂ ಇದೆ;
ಅದೊಂದರ ಮೇಲೆ ಗಾರೆ ಬೇಡ ಎಂದೆ.
ಸಾಬರು ಕಾರಣ ಕೇಳಲಿಲ್ಲ.
ಕರು ಈಗ ಎರಡು ಸೂಲಿನ ಹಸು.
ಸರಪಳಿ ಹಾಕು ಅನ್ನುತ್ತಾರೆ, ನೈಲಾನು ಅನ್ನುತ್ತಾರೆ.
ಸೆಣಬನ್ನೇ ಹೊಸೆದು ಕಟ್ಟಿದ್ದೇನೆ.
ಹಗ್ಗದ ಉದ್ದ ತುಸು ಹೆಚ್ಚಾಯಿತೇನೋ,
ಬೆಳಗಾದರೆ ಗೋಡೆಯ ಸುಣ್ಣ ನೆಕ್ಕುತ್ತಾ ನಿಂತಿರುತ್ತದೆ.
ಓಡಿಸಿದರೆ ಹೋಗಿ, ಮತ್ತೆ ಬರುತ್ತದೆ.